ಎಳೆಯ ಮಕ್ಕಳಲ್ಲಿ ಚೀನೀ ಮೂಲಿಕೆ ಔಷಧಿಗಳ ಸುರಕ್ಷತೆ

ಎಳೆಯ ಮಕ್ಕಳಿಗೆ ಸಾಂಪ್ರದಾಯಿಕ ಚೀನೀ ವೈದ್ಯಪದ್ಧತಿಯ ಮೂಲಿಕೆಗಳನ್ನು ಕೊಡುವ ರೂಢಿಯು ಚೀನಾ, ತೈವಾನ್, ಸಿಂಗಾಪುರಗಳಲ್ಲಿಯೂ ಚೀನೀಯರು ನೆಲೆಸಿರುವ ಇತರ ದೇಶಗಳಲ್ಲಿಯೂ ಇದೆ. ಕಾಮಾಲೆ, ಹೊಟ್ಟೆನೋವು, ಜ್ವರ, ನಿದ್ದೆಯಲ್ಲಿ ಬೆಚ್ಚಿಬೀಳುವುದು ಮುಂತಾದವಕ್ಕೆ ಇವನ್ನು ಕಷಾಯ, ಪುಡಿ ಅಥವಾ ಗುಳಿಗೆಯಾಗಿ ಕೊಡಲಾಗುತ್ತದೆ. ಮೂಲಿಕೆ ಎಂಬ ಕಾರಣಕ್ಕೆ ಇವು ಸೌಮ್ಯವೆಂಬ ನಂಬಿಕೆ ವ್ಯಾಪಕವಾಗಿದ್ದರೂ, ದೊಡ್ಡವರಿಗೆ ಒಗ್ಗುವ ಮೂಲಿಕೆ ಶಿಶುವಿಗೆ ಅಪಾಯಕಾರಿಯಾಗಬಲ್ಲದು.

ಪರಂಪರೆಯಲ್ಲಿ ಎಚ್ಚರಿಕೆ

ಈ ಎಚ್ಚರಿಕೆ ಆಧುನಿಕರು ಹೊರಗಿನಿಂದ ತಂದದ್ದಲ್ಲ. ಸೋಂಗ್ ರಾಜವಂಶದ ಕಾಲದ ಮಕ್ಕಳ ವೈದ್ಯ ಚಿಯೆನ್ ಯಿ, ಮಕ್ಕಳ ಅಂಗಾಂಗಗಳು ಕೋಮಲವಾದವು, ಅವು ಬೇಗನೆ ಏರುಪೇರಾಗುತ್ತವೆ ಎಂದು ಭಾವಿಸಿದ್ದನು. ಹಳೆಯದೊಂದು ಎಂಟು ದ್ರವ್ಯಗಳ ಯೋಗದಿಂದ ವತ್ಸನಾಭದ ಜಾತಿಯ ಗೆಡ್ಡೆಯನ್ನೂ ದಾಲ್ಚಿನ್ನಿಯನ್ನೂ ತೆಗೆದು, ಮಕ್ಕಳಿಗೆಂದು ಆರು ದ್ರವ್ಯಗಳ ಯೋಗವನ್ನು ರೂಪಿಸಿದನು. ಅವನ ಚಿಕಿತ್ಸಾಕ್ರಮವು 1119ರಲ್ಲಿ ಗ್ರಂಥರೂಪಕ್ಕೆ ಬಂದಿತು.

ಹುವಾಂಗ್ ಲಿಯನ್ ಮತ್ತು ಕಾಮಾಲೆ

ಅತ್ಯಂತ ಹೆಚ್ಚು ಚರ್ಚೆಗೊಳಗಾದ ಮೂಲಿಕೆ ಹುವಾಂಗ್ ಲಿಯನ್. ಕಹಿಯಾದ ಈ ಹಳದಿ ಬೇರಿನಲ್ಲಿ ಬರ್ಬರೀನ್ ಎಂಬ ಕ್ಷಾರಾಭವಿದೆ. ರಕ್ತದಲ್ಲಿ ಬಿಲಿರುಬಿನ್ ಸಾಮಾನ್ಯವಾಗಿ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಬರ್ಬರೀನ್ ಆ ಸ್ಥಾನದಿಂದ ಅದನ್ನು ಬಿಡಿಸಬಲ್ಲದು. ಹೀಗೆ ಬಿಡುಗಡೆಯಾದ ಬಿಲಿರುಬಿನ್ ನವಜಾತ ಶಿಶುವಿನ ಮೆದುಳನ್ನು ಸೇರಿದರೆ ಶಾಶ್ವತ ಹಾನಿಯುಂಟಾಗುತ್ತದೆ. ನವಜಾತ ಶಿಶುವಿನ ಯಕೃತ್ತು ಬಿಲಿರುಬಿನ್ನನ್ನು ಸಂಸ್ಕರಿಸುವಷ್ಟು ಬಲಿತಿರುವುದಿಲ್ಲ. ಜಿ6ಪಿಡಿ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಕೆಂಪು ರಕ್ತಕಣಗಳು ಬೇಗ ಒಡೆಯುವುದರಿಂದ ಅಪಾಯ ಇನ್ನಷ್ಟು ಹೆಚ್ಚು. ಆದರೆ ಬರ್ಬರೀನ್ ತಾನೇ ರಕ್ತಕಣಗಳನ್ನು ಒಡೆಯುತ್ತದೆಯೇ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ವಿಪರ್ಯಾಸವೆಂದರೆ ಈ ಬೇರನ್ನು ಶಿಶುಗಳ ಕಾಮಾಲೆಗೆ ಮದ್ದೆಂದೇ ಕೊಡಲಾಗುತ್ತಿತ್ತು. ಸಿಂಗಾಪುರವು 1978ರಲ್ಲಿ ಇದನ್ನು ನಿಷೇಧಿಸಿ, ಮರುಪರಿಶೀಲನೆಯ ನಂತರ 2013ರಲ್ಲಿ ನಿಷೇಧವನ್ನು ತೆರವುಗೊಳಿಸಿತು. ಶಿಶುಗಳ ಕುರಿತ ಎಚ್ಚರಿಕೆ ಮಾತ್ರ ಇಂದಿಗೂ ಉಳಿದಿದೆ.

ಗುರುತಿನ ತಪ್ಪು ಮತ್ತು ಕಲಬೆರಕೆ

ಕೆಲವೊಮ್ಮೆ ಅಪಾಯವು ಹೆಸರಿಸಿದ ಮೂಲಿಕೆಯಿಂದ ಬರದೆ ಅದರ ಜಾಗದಲ್ಲಿ ಸೇರಿಕೊಂಡ ಬೇರೊಂದರಿಂದ ಬರುತ್ತದೆ. ಅಡುಗೆಯಲ್ಲಿ ಬಳಸುವ ಚೀನೀ ಚಕ್ರಮೊಗ್ಗನ್ನು ನೋಟದಲ್ಲಿ ಹೋಲುವ ಜಪಾನೀ ಜಾತಿಯಲ್ಲಿ ಅನಿಸಾಟಿನ್ ಎಂಬ ನರವಿಷವಿದೆ. ಹೊಟ್ಟೆನೋವಿಗೆಂದು ಚಕ್ರಮೊಗ್ಗಿನ ಕಷಾಯ ಕುಡಿಸಿದ ಶಿಶುಗಳಲ್ಲಿ ಸೆಳವು ಕಾಣಿಸಿಕೊಂಡಿದ್ದರಿಂದ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2003ರಲ್ಲಿ ಎಚ್ಚರಿಕೆ ನೀಡಿತು.

ಅಮೆರಿಕದ ಕೊಲೊರಾಡೊದಲ್ಲಿ 1993ರಲ್ಲಿ ಜಿನ್ ಬು ಹುವಾನ್ ಎಂಬ ಗುಳಿಗೆಗಳನ್ನು ಅರಿಯದೆ ನುಂಗಿದ ಮೂವರು ಮಕ್ಕಳಲ್ಲಿ ಉಸಿರಾಟ ಕುಗ್ಗಿ ಹೃದಯಬಡಿತ ನಿಧಾನವಾಯಿತು. ಹೊದಿಕೆಯ ಮೇಲೆ ಸಸ್ಯದ ಹೆಸರು ತಪ್ಪಾಗಿ ನಮೂದಾಗಿತ್ತು. ಮಕ್ಕಳನ್ನು ಶಾಂತಗೊಳಿಸಲು ಕೊಡುವ ಬಾ ಬಾವ್ ಸಾನ್ ಪುಡಿಯಲ್ಲಿ ಸೀಸ ಪತ್ತೆಯಾಗಿದೆ. ಇನ್ನು ಕೆಲವು ಯೋಗಗಳಲ್ಲಿ ಇಂಗಳೀಕ, ಅಂದರೆ ಪಾದರಸದ ಸಲ್ಫೈಡ್, ಉದ್ದೇಶಪೂರ್ವಕವಾಗಿಯೇ ಸೇರಿರುತ್ತದೆ.

ಚಿಕಿತ್ಸೆಯಲ್ಲಿ ಗಮನಿಸಬೇಕಾದುದು

ನವಜಾತ ಶಿಶುವಿನ ಕಾಮಾಲೆಗೆ ರಕ್ತಪರೀಕ್ಷೆ ಮತ್ತು ಅಗತ್ಯವಿದ್ದಲ್ಲಿ ಬೆಳಕಿನ ಚಿಕಿತ್ಸೆ ಸ್ಥಾಪಿತ ಕ್ರಮಗಳಾಗಿವೆ. ಮಗುವಿಗೆ ಮೂಲಿಕೆ ಕೊಟ್ಟಿದ್ದರೆ, ಅಥವಾ ಹಾಲೂಡಿಸುವ ತಾಯಿ ಅದನ್ನು ಸೇವಿಸಿದ್ದರೆ, ವೈದ್ಯರಿಗೆ ತಿಳಿಸಿ ಪೊಟ್ಟಣವನ್ನು ತೋರಿಸುವುದು ಅಗತ್ಯ. ಬರ್ಬರೀನ್ ಚೀನೀ ಮೂಲಿಕೆಗಳಿಗೆ ಸೀಮಿತವಲ್ಲ. ಭಾರತದಲ್ಲಿ ಔಷಧಿಯಾಗಿ ಬಳಕೆಯಲ್ಲಿರುವ ಮರದರಿಶಿನದಲ್ಲಿಯೂ ಅದು ಇದೆ.