ಮನೆಯ ವೀಡಿಯೋ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಪ್ರತಿಮಾಡಿಕೊಳ್ಳುವ ಕ್ರಮ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಿಂದಿನ ಚರಿತ್ರೆಗೆ ಶಾಸನಗಳೂ ಕಡತಗಳೂ ತಾಳೆಗರಿಗಳೂ ಹೇಗೆ ಆಕರಗಳೋ, ಇಪ್ಪತ್ತನೆಯ ಶತಮಾನದ ಕೊನೆಯ ಎರಡು ದಶಕಗಳ ಸಾಮಾಜಿಕ ಚರಿತ್ರೆಗೆ ಮನೆಗಳಲ್ಲಿ ಉಳಿದಿರುವ ವೀಡಿಯೋ ಕ್ಯಾಸೆಟ್ಟುಗಳು ಹಾಗೆಯೇ ಆಕರಗಳಾಗಿವೆ. ಮದುವೆ, ಉಪನಯನ, ಮೂರು ವರ್ಷಗಳಿಗೊಮ್ಮೆ ಬರುವ ಸಾಗರದ ಮಾರಿಕಾಂಬಾ ಜಾತ್ರೆ, ವರದಹಳ್ಳಿಯ ಶ್ರೀಧರಾಶ್ರಮದ ಉತ್ಸವ, ಬೆಳಗಿನವರೆಗೆ ನಡೆದ ಬಡಗುತಿಟ್ಟಿನ ಯಕ್ಷಗಾನ, ಇವುಗಳಲ್ಲಿ ಯಾವುದನ್ನು ಚಿತ್ರಿಸಿದ ಕ್ಯಾಸೆಟ್ಟೇ ಆಗಲಿ, ಅದರಲ್ಲಿ ಉಡುಗೆತೊಡುಗೆ, ಮಾತಿನ ಧಾಟಿ, ಅಂಗಳದ ಚಪ್ಪರ, ಊಟದ ಪಂಕ್ತಿ ಮೊದಲಾಗಿ ಯಾವ ಲಿಖಿತ ದಾಖಲೆಯೂ ಹೇಳದ ಸಂಗತಿಗಳು ಅಡಗಿರುತ್ತವೆ. ಕ್ಯಾಸೆಟ್ಟು ನಡೆಸುವ ಯಂತ್ರವನ್ನು ಮನೆಯ ಕಂಪ್ಯೂಟರಿಗೆ ಜೋಡಿಸಿ, ಅದರ ಚಿತ್ರವನ್ನೂ ಧ್ವನಿಯನ್ನೂ ಪ್ರತಿಮಾಡಿಕೊಂಡು ನೋಡುವ ಕ್ರಮವನ್ನು ಪ್ರಕೃತ ಲೇಖನದಲ್ಲಿ ವಿವರಿಸಲು ಯತ್ನಿಸಿದ್ದೇವೆ. ಇದು ತಂತ್ರಜ್ಞರ ವಿಷಯವಲ್ಲವೇ, ಚರಿತ್ರೆಯ ಅಧ್ಯಾಪಕರಿಗೆ ಇದರಲ್ಲೇನು ಕೆಲಸ ಎಂದು ವಾಚಕರು ಕೇಳಬಹುದು. ಪ್ರತಿಮಾಡುವಾಗ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬಹುದು ಎಂಬ ನಿರ್ಣಯವೂ ಜೊತೆಯಲ್ಲಿಯೇ ಆಗಿಬಿಡುವುದರಿಂದ ಇದು ನಮ್ಮ ಕೆಲಸವೂ ಹೌದೆಂದು ನಮ್ಮ ಅಭಿಪ್ರಾಯ.

ಕಾಲಾವಕಾಶವಂತೂ ಹೆಚ್ಚಿಲ್ಲ. ವಿ.ಎಚ್.ಎಸ್. ಎಂಬ ಕ್ಯಾಸೆಟ್ಟಿನ ಪದ್ಧತಿಯು ಜಪಾನಿನಲ್ಲಿ ೧೯೭೬ರಲ್ಲಿ ಬಳಕೆಗೆ ಬಂದಿತು. ಇಂತಹ ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಫುನಾಯಿ ಸಂಸ್ಥೆಯು ೨೦೧೬ರಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಈಗ ಉಳಿದಿರುವುವು ಹಳೆಯ ಯಂತ್ರಗಳು ಮಾತ್ರ. ಅವುಗಳನ್ನು ದುರಸ್ತಿಮಾಡಬಲ್ಲವರೂ ವಿರಳ. ಇತ್ತ ಕಲಾವಿದರು ಒಬ್ಬೊಬ್ಬರಾಗಿ ಗತಿಸಿದ್ದಾರೆ. ಭಾಗವತ ಕಾಳಿಂಗ ನಾವಡರು ೧೯೯೦ರಲ್ಲಿ, ಕೆರೆಮನೆ ಶಂಭು ಹೆಗಡೆಯವರು ೨೦೦೯ರಲ್ಲಿ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ೨೦೧೭ರಲ್ಲಿ ತೀರಿಕೊಂಡರು. ಇಂತಹವರ ಒಂದು ರಾತ್ರಿಯ ಆಟವು ಯಾರದೋ ಮನೆಯ ಕಪಾಟಿನಲ್ಲಿ ಇದ್ದರೆ, ಅದಕ್ಕೆ ಎರಡನೆಯ ಪ್ರತಿಯೇ ಇಲ್ಲದಿರುವ ಸಂಭವ ಹೆಚ್ಚು.

ಜೋಡಣೆಗೆ ಮೊದಲು ಕ್ಯಾಸೆಟ್ಟಿನ ಕಿಟಕಿಯ ಮೂಲಕ ಸುರುಳಿಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸಬೇಕು. ಮಲೆನಾಡಿನ ಮಳೆಗಾಲದ ತೇವದಲ್ಲಿ ಪಟ್ಟಿಯ ಅಂಚಿಗೆ ಬಿಳಿಯ ಬೂಷ್ಟು ಹಿಡಿಯುವುದು ಸಾಮಾನ್ಯ. ಅದನ್ನು ಹಾಗೆಯೇ ಯಂತ್ರಕ್ಕೆ ಹಾಕಿದರೆ ಆ ಪಟ್ಟಿಯೂ ಕೆಡುವುದು, ಯಂತ್ರದ ಮೂಲಕ ಬೂಷ್ಟು ಮುಂದಿನ ಕ್ಯಾಸೆಟ್ಟಿಗೂ ಹರಡುವುದು. ಅಂತಹವನ್ನು ಬೇರೆಯಾಗಿಟ್ಟು, ತಿಳಿದವರಿಂದ ಶುದ್ಧಿಮಾಡಿಸಿದ ಮೇಲೆಯೇ ನಡೆಸತಕ್ಕದ್ದು. ತಾಳೆಗರಿಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟು ಕಾಪಾಡಿದ ಹಿರಿಯರ ಉಪಾಯ ಇಲ್ಲಿ ಸಲ್ಲದು. ಶಾಖವೂ ಹೊಗೆಯೂ ಕಾಂತೀಯ ಪಟ್ಟಿಗೆ ಶತ್ರುಗಳು. ಬಿಸಿಲಿಗೆ ಒಣಗಿಸುವುದೂ ಸರಿಯಲ್ಲ.

ಇನ್ನು ಜೋಡಣೆ. ಕ್ಯಾಸೆಟ್ ಯಂತ್ರದ ಹಿಂಬದಿಯಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಹೊರದಾರಿಗಳನ್ನು ಕಾಣಬಹುದು. ಮೊದಲನೆಯದು ಟಿ.ವಿ.ಯ ಆಂಟೆನಾ ತಂತಿಗೆ ಹೋಗುವಂತಹುದು. ಇದರಲ್ಲಿ ಚಿತ್ರ ಮಸುಕಾಗುವುದರಿಂದ ಬೇರೆ ದಾರಿ ಇರುವಾಗ ಬಳಸಬಾರದು. ಎರಡನೆಯದು ಹಳದಿ ಬಣ್ಣದ ರಂಧ್ರ. ಇದರಲ್ಲಿ ಬೆಳಕೂ ಬಣ್ಣವೂ ಒಂದೇ ತಂತಿಯಲ್ಲಿ ಬೆರೆತು ಬರುತ್ತವೆ. ಧ್ವನಿಗೆ ಪಕ್ಕದಲ್ಲಿಯೇ ಬಿಳಿಯದು ಎಡಕ್ಕೆ, ಕೆಂಪಿನದು ಬಲಕ್ಕೆ. ಮೂರನೆಯದಾದ ಎಸ್-ವೀಡಿಯೋ ಎಂಬುದು ಉತ್ತಮ ದರ್ಜೆಯ ಕೆಲವು ಯಂತ್ರಗಳಲ್ಲಿ ಮಾತ್ರ ಇರುವುದು. ಬೆಳಕನ್ನೂ ಬಣ್ಣವನ್ನೂ ಬೇರೆಬೇರೆಯಾಗಿ ಕಳುಹಿಸುವುದರಿಂದ ಅದು ದೊರೆತರೆ ಅದೇ ಶ್ರೇಷ್ಠ. ಈ ತಂತಿಗಳನ್ನು ನೇರವಾಗಿ ಕಂಪ್ಯೂಟರಿಗೆ ಚುಚ್ಚುವಂತಿಲ್ಲ. ಪಟ್ಟಿಯಲ್ಲಿರುವುದು ಏರಿಳಿಯುವ ವಿದ್ಯುತ್ ಅಲೆ. ಕಂಪ್ಯೂಟರು ಬಲ್ಲುದು ಅಂಕಿಗಳನ್ನು. ಅಲೆಯನ್ನು ಅಂಕಿಯಾಗಿಸುವ, ಯು.ಎಸ್.ಬಿ. ದ್ವಾರಕ್ಕೆ ಸೇರುವ ಒಂದು ಕ್ಯಾಪ್ಚರ್ ಉಪಕರಣ ನಡುವೆ ಇರಲೇಬೇಕು. ಕಂಪ್ಯೂಟರಿನ ಎಚ್.ಡಿ.ಎಂ.ಐ. ರಂಧ್ರವು ಬಹುಮಟ್ಟಿಗೆ ಚಿತ್ರವನ್ನು ಹೊರಗೆ ಕಳುಹಿಸಲು ಇರುವುದೇ ಹೊರತು ಒಳಗೆ ತರಲು ಅಲ್ಲ ಎಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು.

ಉಪಕರಣವನ್ನು ಪಾಲ್ ಪದ್ಧತಿಗೆ ಹೊಂದಿಸಬೇಕು. ಭಾರತದ ಟಿ.ವಿ. ಅನುಸರಿಸಿದ ಪದ್ಧತಿ ಅದು. ಅಮೆರಿಕದಲ್ಲಿರುವ ಬಂಧುಗಳು ಕಳುಹಿಸಿದ ಕ್ಯಾಸೆಟ್ಟಾದರೆ ಎನ್.ಟಿ.ಎಸ್.ಸಿ. ಪದ್ಧತಿಯದಾಗಿರಬಹುದು; ಚಿತ್ರವು ಕಪ್ಪುಬಿಳುಪಾಗಿ ಬಂದರೆ, ಅಥವಾ ಮೇಲಿಂದ ಕೆಳಕ್ಕೆ ಉರುಳುತ್ತಿದ್ದರೆ, ಈ ಹೊಂದಾಣಿಕೆ ತಪ್ಪಿದೆಯೇ ಎಂದು ಮೊದಲು ನೋಡತಕ್ಕದ್ದು. ಇದಲ್ಲದೆ ಹಳೆಯ ಪಟ್ಟಿ ಒಂದೇ ಸಮನೆ ಚಲಿಸುವುದಿಲ್ಲವಾಗಿ ಗೆರೆಗಳ ಕಾಲ ಹಿಂದುಮುಂದಾಗುತ್ತದೆ. ಅಗ್ಗದ ಉಪಕರಣಗಳು ಇಂತಹ ಕಡೆ ಕೆಲವು ಚೌಕಟ್ಟುಗಳನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತವೆ. ಫಲವಾಗಿ ಒಂದು ಗಂಟೆ ಕಳೆಯುವಷ್ಟರಲ್ಲಿ ಭಾಗವತರ ತುಟಿಗೂ ಹಾಡಿಗೂ ಹೊಂದಿಕೆ ತಪ್ಪುತ್ತದೆ. ಕಾಲವನ್ನು ಸರಿಪಡಿಸುವ ಟೈಂ ಬೇಸ್ ಕರೆಕ್ಟರ್ ಎಂಬ ಉಪಕರಣವನ್ನು ನಡುವೆ ಸೇರಿಸುವುದು ಇದಕ್ಕೆ ಪರಿಹಾರ. ಅದು ಕೆಲವು ಉತ್ತಮ ಯಂತ್ರಗಳ ಒಳಗೇ ಇರುವುದುಂಟು.

ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದೂ ಸಾಮಾನ್ಯವಾಗಿ ಅಲಕ್ಷಿತವಾದುದೂ ಒಂದಿದೆ. ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ ೨೫ ಚೌಕಟ್ಟುಗಳು. ಆದರೆ ಪ್ರತಿಯೊಂದು ಚೌಕಟ್ಟೂ ಎರಡು ಅರ್ಧಚಿತ್ರಗಳಿಂದ ಆದುದು. ಬೆಸಸಂಖ್ಯೆಯ ಗೆರೆಗಳು ಒಂದರಲ್ಲಿ, ಸಮಸಂಖ್ಯೆಯವು ಇನ್ನೊಂದರಲ್ಲಿ. ಮನೆಯ ಕ್ಯಾಮೆರಾ ಅವೆರಡನ್ನೂ ಸೆಕೆಂಡಿನ ಐವತ್ತನೆಯ ಒಂದು ಭಾಗದ ಅಂತರದಲ್ಲಿ ಹಿಡಿದಿರುತ್ತದೆ. ಹಳೆಯ ಟಿ.ವಿ. ಅವನ್ನು ಒಂದಾದಮೇಲೊಂದರಂತೆ ತೋರಿಸುತ್ತಿತ್ತು. ಕಂಪ್ಯೂಟರು ಎರಡನ್ನೂ ಏಕಕಾಲದಲ್ಲಿ ಇಡುವುದರಿಂದ ಚಲಿಸುವ ವಸ್ತುವಿನ ಅಂಚು ಬಾಚಣಿಗೆಯ ಹಲ್ಲುಗಳಂತೆ ಕಾಣುತ್ತದೆ. ಇದನ್ನು ದೋಷವೆಂದು ಬಗೆದು ಅನೇಕ ತಂತ್ರಾಂಶಗಳು ಪ್ರತಿಮಾಡುವಾಗಲೇ ಒಂದು ಅರ್ಧವನ್ನು ಕಿತ್ತುಹಾಕುತ್ತವೆ. ಮಂಡಿ ಹಾಕಿ ರಭಸದಿಂದ ತಿರುಗುವ ವೇಷಧಾರಿಯ ಹೆಜ್ಜೆಯನ್ನು ಅಭ್ಯಸಿಸುವವರಿಗೆ ಇದರಿಂದಾಗುವ ನಷ್ಟ ಅಲ್ಪವಲ್ಲ: ಸೆಕೆಂಡಿಗೆ ಐವತ್ತು ಕ್ಷಣಗಳ ಸಾಕ್ಷ್ಯವಿದ್ದಲ್ಲಿ ಇಪ್ಪತ್ತೈದು ಮಾತ್ರ ಉಳಿಯುತ್ತದೆ, ಕಳೆದುದು ಆ ಪ್ರತಿಯಿಂದ ಎಂದಿಗೂ ಹಿಂದಿರುಗದು. ತನಗೆ ಅರ್ಥವಾಗದ ಅಕ್ಷರವನ್ನು ತಿದ್ದಿ ಬರೆದ ಲಿಪಿಕಾರನು ಮಾಡಿದ ಅಪಚಾರವೂ ಇದೇ ಜಾತಿಯದು. ಆದುದರಿಂದ ೭೨೦ ಬಿಂದು ಅಗಲ, ೫೭೬ ಗೆರೆ ಎತ್ತರದಲ್ಲಿ, ಎರಡು ಅರ್ಧಗಳನ್ನೂ ಇದ್ದಂತೆಯೇ ಉಳಿಸಿ ಮೂಲಪ್ರತಿಯನ್ನು ತೆಗೆಯಬೇಕು. ಹಲ್ಲುಗಳನ್ನು ಮರೆಮಾಡುವ ಕೆಲಸವನ್ನು ನೋಡುವ ವೇಳೆಗೆ ಬಿಡಬಹುದು, ವಿ.ಎಲ್.ಸಿ.ಯಂತಹ ಉಚಿತ ತಂತ್ರಾಂಶವೇ ಅದನ್ನು ಮಾಡುತ್ತದೆ.

ಇದೇ ನ್ಯಾಯವು ಉಳಿದ ತಿದ್ದುಪಡಿಗಳಿಗೂ ಅನ್ವಯಿಸುತ್ತದೆ. ಚಿತ್ರದ ಕೆಳತುದಿಯಲ್ಲಿ ನಡುಗುವ ಕೆಲವು ಗೆರೆಗಳನ್ನು ಮೂಲಪ್ರತಿಯಲ್ಲಿ ಕತ್ತರಿಸಬಾರದು. ಗದ್ದಲವನ್ನು ಶೋಧಿಸುವ ತಂತ್ರಾಂಶವು ಚಂಡೆಯ ನಾದದ ಒಂದು ಅಂಶವನ್ನೇ ಗದ್ದಲವೆಂದು ತಿಳಿದು ಅಳಿಸಬಹುದು. ಧ್ವನಿಯ ಮಟ್ಟವನ್ನು ಮಾತ್ರ ಮೊದಲೇ ತಗ್ಗಿಸಿಡುವುದು ಯುಕ್ತ, ಏಕೆಂದರೆ ಚಂಡೆಯ ಪೆಟ್ಟಿಗೆ ಮಿತಿ ಮೀರಿ ಒಡೆದ ಧ್ವನಿಯನ್ನು ಅನಂತರ ಕೂಡಿಸಲಾಗದು. ನೋಡುವಾಗ ಚಿತ್ರದ ಪ್ರಮಾಣ ನಾಲ್ಕಕ್ಕೆ ಮೂರು ಇರಲಿ. ಈಗಿನ ಅಗಲವಾದ ಪರದೆಯ ತುಂಬ ಎಳೆದು ನೋಡುವ ಅಭ್ಯಾಸದಿಂದ ಕೃಶನಾದ ಮದುಮಗನೂ ಸ್ಥೂಲಕಾಯನಾಗುತ್ತಾನೆ.

ಮೂಲಪ್ರತಿಗೆ ಬೇಕಾಗುವ ಸ್ಥಳ ಹೆಚ್ಚು. ಸಂಕೋಚನವಿಲ್ಲದೆ ತೆಗೆದರೆ ಗಂಟೆಗೆ ಸುಮಾರು ೭೫ ಜಿ.ಬಿ., ಡಿ.ವಿ. ಎಂಬ ರೂಪದಲ್ಲಿ ಸುಮಾರು ೧೩ ಜಿ.ಬಿ. ಇವೆರಡರ ನಡುವೆ, ಏನನ್ನೂ ಕಳೆಯದೆ ಗಾತ್ರವನ್ನು ಬಹಳವಾಗಿ ತಗ್ಗಿಸುವ ಎಫ್.ಎಫ್.ವಿ.೧ ಎಂಬ ಕ್ರಮವೊಂದಿದೆ. ಸಂಗ್ರಹಾಲಯಗಳಲ್ಲಿ ಅದು ಬಳಕೆಯಲ್ಲಿದೆ. ಹಂಚುವುದಕ್ಕೆ ಬೇರೊಂದು ಚಿಕ್ಕ ಪ್ರತಿಯನ್ನು ಮಾಡಿಕೊಂಡರಾಯಿತು. ಕ್ಯಾಸೆಟ್ಟು ಓಡಿದಷ್ಟು ಹೊತ್ತೂ ಪ್ರತಿಯ ಕೆಲಸ ನಡೆಯಬೇಕಾದುದರಿಂದ, ಗಾಳಿಮಳೆಗೆ ವಿದ್ಯುತ್ ಹೋಗುವ ನಮ್ಮ ಊರುಗಳಲ್ಲಿ ಕಂಪ್ಯೂಟರಿಗೂ ಕ್ಯಾಸೆಟ್ ಯಂತ್ರಕ್ಕೂ ಯು.ಪಿ.ಎಸ್. ಅವಶ್ಯ.

೧೯೯೫ರ ಅನಂತರ ಬಂದ ಮಿನಿ-ಡಿ.ವಿ. ಕ್ಯಾಸೆಟ್ಟುಗಳ ವಿಷಯ ಬೇರೆ. ಅವುಗಳಲ್ಲಿ ಇರುವುದೇ ಅಂಕಿಗಳು. ಹಳದಿ ತಂತಿಯ ಮೂಲಕ ತೆಗೆದರೆ ಅಂಕಿಯನ್ನು ಅಲೆಯಾಗಿಸಿ ಮತ್ತೆ ಅಂಕಿಯಾಗಿಸಿದಂತಾಗುತ್ತದೆ. ಕ್ಯಾಮೆರಾದ ಫೈರ್‌ವೈರ್ ದ್ವಾರದ ಮೂಲಕ ಇಳಿಸಿಕೊಂಡರೆ, ಪಟ್ಟಿ ಕೆಡದಿರುವಲ್ಲಿ, ಯಥಾಪ್ರತಿ ದೊರೆಯುವುದಲ್ಲದೆ ಚಿತ್ರೀಕರಣದ ದಿನವೂ ವೇಳೆಯೂ ಅದರೊಡನೆ ಬರುತ್ತವೆ; ಚರಿತ್ರಕಾರನಿಗೆ ಇದಕ್ಕಿಂತ ಹೆಚ್ಚಿನ ಉಪಕಾರವಿಲ್ಲ. ಈಗಿನ ಕಂಪ್ಯೂಟರುಗಳಲ್ಲಿ ಆ ದ್ವಾರ ಇಲ್ಲದುದರಿಂದ ಹಳೆಯ ಕಂಪ್ಯೂಟರನ್ನು ಹುಡುಕಬೇಕಾದೀತು. ಕ್ಯಾಮೆರಾದ ಗಡಿಯಾರವನ್ನು ಯಾರೂ ಹೊಂದಿಸದೆ ಬಿಟ್ಟಿದ್ದರೆ ಆ ದಿನಾಂಕ ಸುಳ್ಳಾಗಿರುವುದೂ ಸಾಧ್ಯ.

ಕಾಲನಿರ್ಣಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ವರದಹಳ್ಳಿಯ ಶ್ರೀಧರಸ್ವಾಮಿಗಳು ಸಮಾಧಿಸ್ಥರಾದುದು ೧೯೭೩ರಲ್ಲಿ, ಅಂದರೆ ವಿ.ಎಚ್.ಎಸ್. ಹುಟ್ಟುವುದಕ್ಕೆ ಮೂರು ವರ್ಷ ಮೊದಲು. ಅವರ ಚಲಿಸುವ ಚಿತ್ರವುಳ್ಳ ಕ್ಯಾಸೆಟ್ಟು ಎಲ್ಲಿಯಾದರೂ ದೊರೆತರೆ ಅದು ಫಿಲ್ಮಿನಿಂದಲೋ ಬೇರೊಂದು ಮೂಲದಿಂದಲೋ ಇಳಿದ ಪ್ರತಿಯಾಗಿರಲೇಬೇಕು. ಆಗ ಕ್ಯಾಸೆಟ್ಟಿಗೆ ತೃಪ್ತರಾಗದೆ ಆ ಮೂಲವನ್ನು ಅರಸತಕ್ಕದ್ದು. ಯಕ್ಷಗಾನದ ಕ್ಯಾಸೆಟ್ಟುಗಳಲ್ಲಿ ಬೇರೊಂದು ತೊಡಕು. ಬಳಕೆಯಲ್ಲಿದ್ದ ಇ-೧೮೦ ಕ್ಯಾಸೆಟ್ಟು ಸಾಮಾನ್ಯ ವೇಗದಲ್ಲಿ ಹಿಡಿಯುತ್ತಿದ್ದುದು ಮೂರು ಗಂಟೆಯ ಆಟವನ್ನು. ಇಡೀ ರಾತ್ರಿಗೆ ಮೂರಾದರೂ ಬೇಕು. ಬದಲಾಯಿಸುವ ನಡುವೆ ಹೋದ ಪದ್ಯಗಳು, ಒಡೆದ ಗರಿಯ ಸಾಲುಗಳಂತೆ, ತ್ರುಟಿತ. ಎಲ್ಲಿ ಎಷ್ಟು ಹೋಗಿದೆ ಎಂಬುದನ್ನು ಪ್ರತಿಯೊಡನೆ ಬರೆದಿಡಬೇಕೇ ಹೊರತು ತುಣುಕುಗಳನ್ನು ಬೆಸುಗೆ ಕಾಣದಂತೆ ಜೋಡಿಸಬಾರದು.

ಬರೆದಿಡುವುದು ಒಂದು ಹಾಳೆಯಾದರೂ ಸಾಕು: ಕ್ಯಾಸೆಟ್ಟು ಯಾರ ಮನೆಯದು, ಅದರ ಮೇಲಿನ ಬರಹವೇನು, ಯಾವ ಯಂತ್ರದಿಂದ ಯಾವ ದಿನ ಪ್ರತಿಮಾಡಲಾಯಿತು, ಚಿತ್ರದಲ್ಲಿರುವವರು ಯಾರು. ಕೊನೆಯ ಪ್ರಶ್ನೆಗೆ ಉತ್ತರ ಬಲ್ಲವರು ಮನೆಯ ಹಿರಿಯರು. ಚಿತ್ರವನ್ನು ಅವರಿಗೆ ತೋರಿಸಿ, ಹೆಸರುಗಳನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳತಕ್ಕದ್ದು. ಪ್ರತಿ ದೊರೆಯಿತೆಂದು ಕ್ಯಾಸೆಟ್ಟನ್ನು ಎಸೆಯದೆ, ಸುರುಳಿಯನ್ನು ಪೂರ್ತಿ ಹಿಂದಕ್ಕೆ ಸುತ್ತಿ, ಒಣಗಿದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ, ಮನೆಯವರ ವಶಕ್ಕೆ ಒಪ್ಪಿಸಬೇಕು.