ಸಮತಲದ ವಿದ್ಯೆ

ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಯಂತ್ರಗಳನ್ನು ನಿರ್ಮಿಸುವ ಮಧ್ಯಮ ಗಾತ್ರದ ಕಾರ್ಖಾನೆಯೊಂದಕ್ಕೆ ಮಿತ್ರರೊಬ್ಬರು ನನ್ನನ್ನು ಕರೆದೊಯ್ದಾಗ, ಗಣಕದ ಆಜ್ಞೆಯನ್ನನುಸರಿಸಿ ತಾವೇ ತಿರುಗಿ ತಾವೇ ಕೊರೆಯುವ ಸಿಎನ್‌ಸಿ ಯಂತ್ರಗಳ ಸಾಲನ್ನು ತೋರಿಸಬೇಕೆಂಬುದು ಅವರ ಉದ್ದೇಶವಾಗಿತ್ತು. ಆದರೆ ನನ್ನ ಮನಸ್ಸನ್ನು ಸೆರೆಹಿಡಿದುದು ಆ ಸಾಲಿನ ಆಚೆ, ಕಿಟಕಿಯ ಬೆಳಕು ಓರೆಯಾಗಿ ಬೀಳುತ್ತಿದ್ದ ಮೂಲೆಯಲ್ಲಿ, ಮೋಟರಿನ ನೆರವಿಲ್ಲದೆ ಇಬ್ಬರು ಮನುಷ್ಯರ ಕೈಯಿಂದ ನಡೆಯುತ್ತಿದ್ದ ಮತ್ತೊಂದು ಕೆಲಸ. ಬೀಡು ಕಬ್ಬಿಣದ ಉದ್ದನೆಯ ತುಂಡೊಂದರ ಮುಂದೆ ಅರುವತ್ತು ದಾಟಿದ ಮೇಸ್ತ್ರಿಯೊಬ್ಬರು ನಿಂತಿದ್ದರು. ಅವರ ಪಕ್ಕದಲ್ಲಿ, ಫಿಟ್ಟರ್ ವಿಭಾಗದಲ್ಲಿ ಐಟಿಐ ಮುಗಿಸಿ ಅಪ್ರೆಂಟಿಸ್ ಆಗಿ ಸೇರಿದ್ದ ಹುಡುಗಿ, ಉದ್ದ ಹಿಡಿಯ ಸ್ಕ್ರೇಪರನ್ನು ಸೊಂಟಕ್ಕೆ ಆನಿಸಿಕೊಂಡು, ಅದರ ಚಪ್ಪಟೆ ಅಲಗಿನಿಂದ ಲೋಹದ ಮೈಯನ್ನು ಒಂದೊಂದೇ ಚುಕ್ಕೆಯಷ್ಟು ಹೆರೆಯುತ್ತಿದ್ದಳು.

‘ಕೈಲಿ ತಳ್ಳಬೇಡಮ್ಮ, ಸೊಂಟದಿಂದ ತಳ್ಳು. ಕೈ ದಾರಿ ತೋರಿಸಿದರೆ ಸಾಕು,’ ಎಂದು ಮೇಸ್ತ್ರಿ ಹೇಳಿದರು.

‘ಸರಿ ಸರ್,’ ಎಂದು ಹುಡುಗಿ ಕಾಲನ್ನು ಸ್ವಲ್ಪ ಹಿಂದಿಟ್ಟು, ಮೈಭಾರವನ್ನೆಲ್ಲ ಅಲಗಿನ ಮೇಲೆ ತಂದಳು. ಕೂದಲಿಗಿಂತ ತೆಳುವಾದ ಹೊಟ್ಟು ಉದುರಿತು.

ಅನಂತರ ನಡೆದುದನ್ನು ತುಸು ವಿವರವಾಗಿ ಹೇಳಬೇಕು. ಹುಡುಗಿ ಆ ಹೊಟ್ಟನ್ನು ಬಟ್ಟೆಯಿಂದ ಒರೆಸಿ, ಅಂಗೈಯಿಂದ ಮತ್ತೊಮ್ಮೆ ಸವರಿ ಧೂಳಿಲ್ಲವೆಂಬುದನ್ನು ಖಚಿತಪಡಿಸಿಕೊಂಡಳು. ಮೇಸ್ತ್ರಿ ಪ್ರಷಿಯನ್ ನೀಲಿಯನ್ನು ತೆಳುವಾಗಿ ಬಳಿದಿದ್ದ ಭಾರವಾದ ಪಟ್ಟಿಯೊಂದನ್ನು ತಂದು ಅದರ ಮೇಲಿಟ್ಟು, ಅತ್ತ ಎರಡು ಸಲ, ಇತ್ತ ಎರಡು ಸಲ ಆಡಿಸಿ ಎತ್ತಿದರು. ನಮ್ಮ ಕಣ್ಣಿಗೆ ಕನ್ನಡಿಯಂತೆ ಸಪಾಟಾಗಿ ಕಾಣುತ್ತಿದ್ದ ಆ ಮೈಯ ಮೇಲೆ ಅಲ್ಲಲ್ಲಿ ಮಾತ್ರ ನೀಲಿ ಹತ್ತಿತ್ತು. ನೀಲಿ ಹತ್ತಿದ್ದೆಡೆಯೆಲ್ಲ ಉಬ್ಬು. ಹತ್ತದೆ ಉಳಿದುದೆಲ್ಲ ತಗ್ಗು. ಉಬ್ಬನ್ನು ಹೆರೆಯಬೇಕು, ಒರೆಸಬೇಕು, ಮತ್ತೆ ನೀಲಿ ಹಚ್ಚಿ ನೋಡಬೇಕು. ಹೀಗೆ ಮಾಡುತ್ತ ಹೋದಂತೆ ದೊಡ್ಡ ದೊಡ್ಡ ನೀಲಿ ಮಚ್ಚೆಗಳು ಒಡೆದು ಚಿಕ್ಕ ಚುಕ್ಕೆಗಳಾಗುತ್ತವೆ, ಚುಕ್ಕೆಗಳು ಎಲ್ಲ ಕಡೆಗೂ ಸಮವಾಗಿ ಹರಡಿಕೊಳ್ಳುತ್ತವೆ. ಒಂದಂಗುಲ ಚೌಕದಲ್ಲಿ 20ರ ಆಸುಪಾಸಿಗೆ ಚುಕ್ಕೆಗಳು ಬಂದರೆ ಮೇಸ್ತ್ರಿಗೆ ತೃಪ್ತಿ. ಚುಕ್ಕೆಗಳ ನಡುವಣ ಸೂಕ್ಷ್ಮವಾದ ತಗ್ಗುಗಳೂ ವ್ಯರ್ಥವಲ್ಲ: ಎಣ್ಣೆ ನಿಲ್ಲುವುದು ಅಲ್ಲಿಯೇ, ಆ ಎಣ್ಣೆಯಿಂದಲೇ ಯಂತ್ರದ ಜಾರುಭಾಗಗಳು ಕಚ್ಚಿಕೊಳ್ಳದೆ ಚಲಿಸುವುದು.

ಇಷ್ಟೊಂದು ಯಂತ್ರಗಳಿರುವಾಗ ಇದನ್ನು ಕೈಯಿಂದಲೇ ಏಕೆ ಮಾಡಬೇಕೆಂದು ಕೇಳಿದೆ. ಮೇಸ್ತ್ರಿ ನನ್ನನ್ನು ನೋಡಿ, ‘ಗ್ರೈಂಡಿಂಗ್ ಮಷೀನು ನೇರಕ್ಕೇ ಉಜ್ಜುತ್ತೆ ಸ್ವಾಮಿ. ಆದರೆ ಆ ಮಷೀನಿನ ಬೆಡ್ಡು ನೇರವಾಗಿದೆ ಅಂತ ಮೊದಲು ಹೇಳಿದೋರು ಯಾರು?’ ಎಂದರು.

ಈ ಪ್ರಶ್ನೆ ನನ್ನನ್ನು ಮನೆಯವರೆಗೂ ಹಿಂಬಾಲಿಸಿತು, ಈಗಲೂ ಬಿಟ್ಟಿಲ್ಲ. ಒಂದು ಯಂತ್ರದ ನಿಖರತೆ ಅದನ್ನು ನಿರ್ಮಿಸಿದ ಯಂತ್ರದಿಂದ ಬಂದುದಾದರೆ, ಆ ಯಂತ್ರದ್ದು ಅದಕ್ಕೂ ಹಿಂದಿನದರಿಂದ ಬಂದುದಾದರೆ, ಈ ವಂಶಾವಳಿಯ ಮೂಲಪುರುಷನು ಎಲ್ಲಿಯೋ ಇರಲೇಬೇಕಷ್ಟೆ? ಅದಕ್ಕೆ ಉತ್ತರವನ್ನು ಸ್ಪಷ್ಟವಾಗಿ ಬರೆದಿಟ್ಟವನು ಜೋಸೆಫ್ ವಿಟ್‌ವರ್ತ್ ಎಂಬ ಆಂಗ್ಲ ಯಂತ್ರಶಿಲ್ಪಿ. ಲಂಡನ್ನಿನ ಹೆನ್ರಿ ಮಾಡ್‌ಸ್ಲೆಯ ಕಾರ್ಖಾನೆಯಲ್ಲಿ ಕೈಕೆಲಸ ಮಾಡಿ ಪಳಗಿದ್ದ ಈತನು 1840ರಲ್ಲಿ ಗ್ಲಾಸ್ಗೋ ನಗರದಲ್ಲಿ ಸೇರಿದ ಬ್ರಿಟಿಷ್ ವಿಜ್ಞಾನಿಗಳ ಸಭೆಯಲ್ಲಿ, ಲೋಹದ ಸಮತಲಗಳನ್ನು ಸಿದ್ಧಪಡಿಸುವ ಕ್ರಮವನ್ನು ಕುರಿತು ಪ್ರಬಂಧವನ್ನು ಮಂಡಿಸಿದನು. ಅದರ ಸಾರ ಇಷ್ಟು: ಎರಡು ಫಲಕಗಳನ್ನು ಒಂದರ ಮೇಲೊಂದಿಟ್ಟು ತಿದ್ದಿದರೆ ಅವು ಪರಸ್ಪರ ಹೊಂದಬಹುದು, ಆದರೆ ಸಪಾಟಾಗಿಯೇ ಇರಬೇಕೆಂದಿಲ್ಲ, ಮಡಿಸಿದ ಒಂದು ಅಂಗೈಯೊಳಗೆ ಇನ್ನೊಂದು ಕೈಯ ಮುಷ್ಟಿ ಕೂರುವಂತೆ, ಒಂದು ಕುಳಿಯಾಗಿ ಮತ್ತೊಂದು ಉಬ್ಬಾಗಿಯೂ ಅವು ಕೂಡಿಕೊಳ್ಳಬಲ್ಲವು. ಆದುದರಿಂದ ಮೂರನೆಯ ಫಲಕವೊಂದು ಬೇಕು. ಮೊದಲನೆಯದಕ್ಕೆ ಎರಡನೆಯದನ್ನೂ ಮೂರನೆಯದನ್ನೂ ಹೊಂದಿಸಿ, ಆಮೇಲೆ ಎರಡನೆಯದನ್ನೂ ಮೂರನೆಯದನ್ನೂ ಎದುರುಬದುರಾಗಿಟ್ಟು ನೋಡಿದರೆ ಗುಟ್ಟು ಬಯಲಾಗುತ್ತದೆ: ಎರಡೂ ಉಬ್ಬಾಗಿದ್ದರೆ ನಡುವೆ ಮಾತ್ರ ತಗಲುತ್ತವೆ, ಎರಡೂ ಕುಳಿಯಾಗಿದ್ದರೆ ಅಂಚಿನಲ್ಲಿ ಮಾತ್ರ. ಯಾವ ಮೂರು ಫಲಕಗಳಲ್ಲಿ ಯಾವ ಎರಡನ್ನು ಆರಿಸಿ ಹೇಗೆ ತಿರುಗಿಸಿ ಜೋಡಿಸಿದರೂ ಮೈಯುದ್ದಕ್ಕೂ ಹೊಂದುತ್ತವೆಯೋ ಆ ಮೂರೂ ಸಮತಲವಾಗಿರದೆ ಅನ್ಯಮಾರ್ಗವಿಲ್ಲ. ಅಳತೆಗೋಲಿಲ್ಲ, ಮೂಲಮಾದರಿಯಿಲ್ಲ, ಒರಟಾದ ಮೂರು ಬೀಡಿನ ತುಂಡುಗಳು, ಸ್ವಲ್ಪ ಬಣ್ಣ, ಒಂದು ಹೆರೆಯುವ ಅಲಗು, ತಾಳ್ಮೆಯುಳ್ಳ ಒಬ್ಬ ಮನುಷ್ಯ, ಇಷ್ಟರಿಂದ ಜಗತ್ತಿನ ನಿಖರತೆಯೆಲ್ಲ ಹುಟ್ಟಿತು. ಕುರುಂದದ ಪುಡಿ ಹಾಕಿ ಉಜ್ಜುವ ಹಳೆಯ ಪದ್ಧತಿಯನ್ನು ವಿಟ್‌ವರ್ತ್ ಖಂಡಿಸಿದನು. ಪುಡಿ ತನಗೆ ತೋಚಿದಲ್ಲಿ ಸವೆಸುತ್ತದೆ, ಅಲಗಾದರೋ ಕಣ್ಣು ನೋಡಿ ಬುದ್ಧಿ ಹೇಳಿದಲ್ಲಿಯೇ ಹೆರೆಯುತ್ತದೆ.

ಜ್ಯಾಮಿತಿಯ ಪುಸ್ತಕದಲ್ಲಿ ಸಮತಲವೆಂಬುದು ಒಂದು ವ್ಯಾಖ್ಯೆ. ಈ ಮೂಲೆಯಲ್ಲಿ ಅದು ಒಂದು ಸಾಧನೆ. ಕೈಕೆಲಸವನ್ನು ಬುದ್ಧಿಯ ಕೆಲಸದಿಂದ ಬೇರ್ಪಡಿಸಿ, ಮೊದಲನೆಯದಕ್ಕೆ ಕೆಳಗಿನ ಮಣೆಯನ್ನು ಹಾಕಿ ಕೂರಿಸುವ ನಮ್ಮ ಶತಮಾನಗಳ ಅಭ್ಯಾಸ ಎಷ್ಟು ತಪ್ಪಾದುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ದೊರೆತಿಲ್ಲ. ಆ ವಿಟ್‌ವರ್ತನೇ 1868ರಲ್ಲಿ, ಶಾಸ್ತ್ರಜ್ಞಾನವನ್ನೂ ಕೈಚಳಕವನ್ನೂ ಒಂದುಗೂಡಿಸಬೇಕೆಂಬ ಉದ್ದೇಶದಿಂದ, ತರುಣ ಕುಶಲಕರ್ಮಿಗಳ ಶಿಕ್ಷಣಕ್ಕಾಗಿ ತನ್ನ ಸಂಪತ್ತಿನಿಂದ ವಿದ್ಯಾರ್ಥಿವೇತನಗಳನ್ನು ಸ್ಥಾಪಿಸಿದನು.

ನಮ್ಮ ನಾಡಿನಲ್ಲಿ ಈ ಬಗೆಯ ಶಿಕ್ಷಣದ ಕಥೆ ವಾಚಕರಿಗೆ ಬಹುಮಟ್ಟಿಗೆ ತಿಳಿದುದೇ ಆದ ಕಾರಣ ಸಂಕ್ಷೇಪವಾಗಿ ಹೇಳುತ್ತೇನೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಮುದ್ರಣಾಲಯ, ನೇಯ್ಗೆಯ ಕಾರ್ಖಾನೆ, 1865ರಲ್ಲಿ ಮಿಷನ್ನಿನ ಪ್ಲೆಬ್‌ಸ್ಟ್ ಆರಂಭಿಸಿದ ಹೆಂಚಿನ ಕಾರ್ಖಾನೆ, ಇವುಗಳ ಮೂಲಕ ಕರಾವಳಿಯ ತರುಣರಿಗೆ ಹೊಸ ಕಸುಬುಗಳನ್ನು ಕಲಿಸಿದರು. ಮೈಸೂರು ಸಂಸ್ಥಾನದಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1917ರಲ್ಲಿ ಬೆಂಗಳೂರಿಗೆ ಎಂಜಿನಿಯರಿಂಗ್ ಕಾಲೇಜು ಬಂದಿತು. ಅದನ್ನು ಎಲ್ಲರೂ ಸ್ಮರಿಸುತ್ತಾರೆ. ನನಗೆ ಅದಕ್ಕಿಂತ ಹೆಚ್ಚು ಪ್ರಿಯವಾದುದು ಅವರ ಇಳಿವಯಸ್ಸಿನ ಒಂದು ಕೆಲಸ: ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಸಲ್ಲಿಸಿದ ಸೇವೆಗಾಗಿ ತಮಗೆ ಬರಬೇಕಾಗಿದ್ದ ಸಂಭಾವನೆಯನ್ನು ಅವರು ಸ್ವಂತಕ್ಕೆ ಬಳಸದೆ, ಹುಡುಗರಿಗೆ ಉದ್ಯೋಗ ಕಲಿಸುವ ಸಂಸ್ಥೆಯೊಂದಕ್ಕೆ ವಿನಿಯೋಗಿಸಬೇಕೆಂದು ಕೋರಿದರು, ಅದಕ್ಕೆ ತಮ್ಮ ಹೆಸರಿಡುವುದನ್ನೂ ಒಪ್ಪಲಿಲ್ಲ. 1943ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಶನಲ್ ಇನ್‌ಸ್ಟಿಟ್ಯೂಟ್ ಹೀಗೆ ಬಂದುದು. ಇಂದಿನ ಎಸ್‌ಜೆ ಪಾಲಿಟೆಕ್ನಿಕ್ ಅದೇ. ಸ್ವಾತಂತ್ರ್ಯಾನಂತರ, 1950ರಲ್ಲಿ ಕೇಂದ್ರ ಸರ್ಕಾರದ ಕುಶಲಕರ್ಮಿ ತರಬೇತಿ ಯೋಜನೆ ಬಂದು ಐಟಿಐಗಳಿಗೆ ಬುನಾದಿ ಹಾಕಿತು. 1961ರಲ್ಲಿ ಅಪ್ರೆಂಟಿಸ್ ಕಾಯಿದೆ ಬಂದಿತು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದಿಂದ ಎಚ್ಎಂಟಿ, 1962ರಲ್ಲಿ ತುಮಕೂರು ರಸ್ತೆಯ ಯಂತ್ರೋಪಕರಣ ಸಂಶೋಧನಾ ಸಂಸ್ಥೆ, 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ), ಹೀಗೆ ಒಂದರ ಹಿಂದೊಂದು ಬಂದ ಸಂಸ್ಥೆಗಳು ಬೆಂಗಳೂರನ್ನು ಯಂತ್ರ ನಿರ್ಮಾಣದ ನಗರವನ್ನಾಗಿ ಮಾಡಿದವು.

ಪೀಣ್ಯದ ಆ ಮೇಸ್ತ್ರಿ ಈ ಪರಂಪರೆಯ ಕೂಸು. ತಂದೆ ಹಳ್ಳಿಯಲ್ಲಿ ಕಮ್ಮಾರಿಕೆ ಮಾಡುತ್ತಿದ್ದರಂತೆ; ಇವರು ಎಸ್‌ಎಸ್‌ಎಲ್‌ಸಿ ಮುಗಿಸಿ, ಸರ್ಕಾರಿ ಐಟಿಐಯಲ್ಲಿ ಫಿಟ್ಟರ್ ಕಲಿತು, ದೊಡ್ಡ ಕಾರ್ಖಾನೆಯೊಂದರಲ್ಲಿ ಅಪ್ರೆಂಟಿಸ್ ಆಗಿ ಸೇರಿ, ಅಲ್ಲಿ ಒಬ್ಬ ಹಿರಿಯರ ಕೈಕೆಳಗೆ ಸ್ಕ್ರೇಪಿಂಗ್ ಕಲಿತರು. ‘ಐಟಿಐಲಿ ಅರ ಹಿಡಿಯೋದು ಕಲಿತೆ. ಅದೇ ತಳಪಾಯ. ಮಿಕ್ಕಿದ್ದು ಗುರುಗಳಿಂದ,’ ಎಂದರು.

ಆ ತಳಪಾಯವನ್ನು ಹಗುರವಾಗಿ ಕಾಣತಕ್ಕದ್ದಲ್ಲ. ಫಿಟ್ಟರ್ ವಿಭಾಗಕ್ಕೆ ಸೇರಿದವರಿಗೆ ಮೊದಮೊದಲು ದೊರೆಯುವುದು ವೈಸಿನಲ್ಲಿ ಕಚ್ಚಿಸಿದ ಒಂದು ಕಬ್ಬಿಣದ ತುಂಡು ಮತ್ತು ಒಂದು ಅರ. ಅರವನ್ನು ಓಲಾಡಿಸದೆ ಮುಂದೆ ತಳ್ಳಬೇಕು, ಟ್ರೈಸ್ಕ್ವೇರನ್ನು ಅಂಚಿಗೆ ಹಿಡಿದು ಬೆಳಕಿಗೆತ್ತಿ, ಸಂದಿನಲ್ಲಿ ಬೆಳಕು ಎಲ್ಲಿ ನುಸುಳುತ್ತದೆಂದು ನೋಡಬೇಕು, ಮತ್ತೆ ಅರೆಯಬೇಕು. ಎರಡು ವರ್ಷದ ಅವಧಿ ಮುಗಿಯುವ ಹೊತ್ತಿಗೆ ಒಂದರೊಳಗೊಂದು ಕೂರುವ ಜೋಡಿ ತುಂಡುಗಳನ್ನು 0.04 ಮಿಲಿಮೀಟರಿನ ಮಿತಿಯೊಳಗೆ ಕೈಯಿಂದಲೇ ಅರೆದು ಹೊಂದಿಸಲು ಅವರು ಸಮರ್ಥರಾಗಬೇಕು. ಇಂಥ ಕೆಲಸಕ್ಕೆ ಈ ಕಾಲದಲ್ಲಿ ಬೇಡಿಕೆಯೆಲ್ಲಿ ಎಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪಣೆ ನಿಲ್ಲದು. ಅರದಿಂದ ತಯಾರಾಗುವುದು ಕಬ್ಬಿಣದ ತುಂಡಲ್ಲ, ಕಲಿಯುವವರ ಕಣ್ಣು. ಹಾಗೆ ಪಳಗಿದ ಕಣ್ಣುಳ್ಳವರು ಯಂತ್ರದ ಮುಂದೆ ನಿಂತಾಗ, ಪರದೆಯ ಮೇಲಿನ ಅಂಕಿ ಸರಿಯೆಂದು ಹೇಳುತ್ತಿದ್ದರೂ ಕೆಲಸ ಕೆಟ್ಟಿದೆಯೆಂಬುದನ್ನು ಗುರುತಿಸಬಲ್ಲರು. ಉದ್ಯಮಕ್ಕೆ ಅವಶ್ಯವಾದ ವಿವೇಚನೆ ಅದು.

ಇತ್ತೀಚೆಗೆ ರಾಜ್ಯ ಸರ್ಕಾರವು ಟಾಟಾ ಟೆಕ್ನಾಲಜೀಸ್ ಸಂಸ್ಥೆಯೊಡನೆ ಸೇರಿ 150 ಸರ್ಕಾರಿ ಐಟಿಐಗಳಿಗೆ ಆಧುನಿಕ ಯಂತ್ರಗಳನ್ನೂ ರೋಬಾಟುಗಳನ್ನೂ ಒದಗಿಸಿರುವುದು ಶ್ಲಾಘ್ಯವಾದ ಕಾರ್ಯ. ತಾಲ್ಲೂಕು ಕೇಂದ್ರದ ಹುಡುಗನು ತುಕ್ಕು ಹಿಡಿದ ಲೇತಿನ ಮುಂದೆ ನಿಂತು ಕಲಿತು, ಕಾರ್ಖಾನೆಗೆ ಬಂದಾಗ ಯಂತ್ರವನ್ನು ಕಂಡು ಬೆದರುವ ಸ್ಥಿತಿ ತಪ್ಪಬೇಕಾದುದೇ. ಆದರೆ ಯಂತ್ರವನ್ನು ಟೆಂಡರು ಕರೆದು ಕೊಳ್ಳಬಹುದು, ಮೇಸ್ತ್ರಿಯನ್ನು ಕೊಳ್ಳಲಾಗದು. ಬೋಧಕರ ಹುದ್ದೆಗಳನ್ನು ಖಾಲಿ ಉಳಿಸಿಕೊಂಡು, ಅಥವಾ ಅತಿಥಿ ಬೋಧಕರನ್ನು ಅತ್ಯಲ್ಪ ಗೌರವಧನಕ್ಕೆ ದುಡಿಸಿಕೊಂಡು ನಡೆಸುವ ತರಬೇತಿಯಿಂದ ಯಾವ ಫಲವೂ ಬಾರದು. ಕೆಲವೇ ವಾರಗಳಲ್ಲಿ ಕೌಶಲ್ಯದ ಪ್ರಮಾಣಪತ್ರವನ್ನು ಕೈಗಿಡುವ ಅಲ್ಪಾವಧಿ ಶಿಬಿರಗಳ ವಿಷಯದಲ್ಲಂತೂ ನನಗೆ ನಂಬಿಕೆ ಬಾರದು. ಸೊಂಟದಿಂದ ತಳ್ಳುವುದನ್ನು ಕಲಿಯುವುದಕ್ಕೇ ಆ ಹುಡುಗಿಗೆ ತಿಂಗಳುಗಳು ಹಿಡಿದಿವೆ.

ತಂದೆತಾಯಂದಿರಿಗೂ ಒಂದು ಮಾತು. ಎಸ್‌ಎಸ್‌ಎಲ್‌ಸಿಯಲ್ಲಿ ಅಂಕ ಕಡಮೆ ಬಂದವರ ಆಶ್ರಯಸ್ಥಾನವೆಂದು ಐಟಿಐಯನ್ನು ಭಾವಿಸುವುದು ಸಲ್ಲದು. ಐಟಿಐ ಮುಗಿಸಿದವರು ನೇರವಾಗಿ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರಬಹುದು. ದಾರಿ ಎಲ್ಲಿಯೂ ಮುಚ್ಚಿಲ್ಲ; ಆ ದಾರಿಯಲ್ಲಿ ಬಂದ ಎಂಜಿನಿಯರಿಗೆ ಅರದ ಹದವೂ ತಿಳಿದಿರುತ್ತದೆಂಬುದು ಅಧಿಕ ಲಾಭ.

ನಾನು ಹೊರಡುವ ಮುನ್ನ ಮೇಸ್ತ್ರಿಯನ್ನು ಈ ಕೆಲಸವನ್ನು ಕಲಿಯುತ್ತಿರುವವರು ಎಷ್ಟು ಜನವೆಂದು ವಿಚಾರಿಸಿದೆ. ‘ಇವಳೊಬ್ಬಳೇ. ಮಿಕ್ಕೋರು ಕಂಪ್ಯೂಟರ್ ಮಷೀನಿಗೇ ಬೇಕು ಅಂತಾರೆ,’ ಎಂದರು. ಹುಡುಗಿ ತಲೆಯೆತ್ತದೆ ಹೆರೆಯುತ್ತಲೇ ಇದ್ದಳು.

ಈಗಿನ ನಿಯಮದ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಪ್ರತಿಯೊಂದು ಸಂಸ್ಥೆಯೂ ತನ್ನ ಸಿಬ್ಬಂದಿಯ ಸಂಖ್ಯೆಯ ಶೇಕಡ 2.5ರಿಂದ 15ರವರೆಗೆ ಅಪ್ರೆಂಟಿಸುಗಳನ್ನು ತೆಗೆದುಕೊಳ್ಳಲೇಬೇಕು. ಪೀಣ್ಯದ, ಹುಬ್ಬಳ್ಳಿಯ, ಬೆಳಗಾವಿಯ ಉದ್ಯಮಿಗಳಲ್ಲಿ ನನ್ನ ವಿನಂತಿ ಇಷ್ಟೆ: ಹಾಗೆ ಬಂದ ಹುಡುಗ ಹುಡುಗಿಯರನ್ನು ಅಗ್ಗದ ಕೂಲಿಗಳೆಂದು ಎಣಿಸಿ ಸರಕು ಎತ್ತಲು ಕಳುಹಿಸದೆ, ತಮ್ಮ ಕಾರ್ಖಾನೆಯ ಅತ್ಯಂತ ಹಿರಿಯ ಮೇಸ್ತ್ರಿಯ ಪಕ್ಕದಲ್ಲಿ, ಆತನು ನಿವೃತ್ತನಾಗುವುದಕ್ಕೆ ಮೊದಲೇ, ಕನಿಷ್ಠ ಒಬ್ಬರನ್ನಾದರೂ ಪೂರ್ತಿ ಒಂದು ವರ್ಷ ನಿಲ್ಲಿಸಬೇಕು.