ದೂರದ ಸಮುದ್ರದಲ್ಲಿ ಭೂಕಂಪವಾದರೆ ಚಂದಾಪುರದ ಅಪಾರ್ಟ್‌ಮೆಂಟ್ ಅಲುಗಾಡುವುದೇಕೆ?

ಎಲ್ಲೋ ದೊಡ್ಡ ಭೂಕಂಪವಾದ ಸುದ್ದಿ ಬಂದ ಕೂಡಲೇ ‘ಮುಂದಿನ ಸರದಿ ಬೆಂಗಳೂರಿನದು, ಇಂದು ರಾತ್ರಿ ಮಲಗಬೇಡಿ’ ಎಂಬಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಚಂದಾಪುರ, ಎಲೆಕ್ಟ್ರಾನಿಕ್ ಸಿಟಿ ಕಡೆಯ ಎತ್ತರದ ಕಟ್ಟಡಗಳಲ್ಲಿ ಇರುವವರಿಗೆ ಇದು ಬೇಗ ಭಯ ಹುಟ್ಟಿಸುತ್ತದೆ. ನಿಜ ಏನು, ನೋಡೋಣ.

2012ರಲ್ಲಿ ಆಗಿದ್ದೇನು?

2012ರ ಏಪ್ರಿಲ್ 11ರ ಮಧ್ಯಾಹ್ನ 2 ಗಂಟೆ ದಾಟಿದಾಗ ಬೆಂಗಳೂರಿನ ಹಲವು ಕಟ್ಟಡಗಳಿಂದ ಜನ ಹೊರಗೋಡಿ ಬಂದರು. ಕುರ್ಚಿ, ಮೇಜು ಅಲುಗಾಡಿದ್ದವು. ಆದರೆ ಭೂಮಿ ಬಿರಿದದ್ದು ಇಲ್ಲಿಂದ ಸುಮಾರು 2,000 ಕಿ.ಮೀ. ದೂರದಲ್ಲಿ, ಸುಮಾತ್ರಾದ ಪಶ್ಚಿಮಕ್ಕೆ ಹಿಂದೂ ಮಹಾಸಾಗರದ ತಳದಲ್ಲಿ. ಅದರ ತೀವ್ರತೆ 8.6. ಸುಮಾರು ಎರಡು ಗಂಟೆಯ ನಂತರ 8.2 ತೀವ್ರತೆಯ ಇನ್ನೊಂದು ಕಂಪನವಾಯಿತು.

ಅಲ್ಲೇ ಯಾಕೆ?

ಭೂಮಿಯ ಹೊರಚಿಪ್ಪು ಹಲವು ಫಲಕಗಳಾಗಿ ಒಡೆದಿದೆ. ನಾವಿರುವ ಫಲಕ ವರ್ಷಕ್ಕೆ ಸುಮಾರು 5 ಸೆಂ.ಮೀ.ನಂತೆ ಉತ್ತರಕ್ಕೆ ಸರಿಯುತ್ತಿದೆ. ಭಾರತದ ಭಾಗಕ್ಕೆ ಎದುರಿಗೆ ಹಿಮಾಲಯ ಅಡ್ಡ ನಿಂತಿದೆ. ಆಸ್ಟ್ರೇಲಿಯಾದ ಭಾಗಕ್ಕೆ ಆ ತಡೆ ಇಲ್ಲ, ಅದು ಇಂಡೋನೇಷ್ಯಾದ ಕೆಳಗೆ ಜಾರಿ ಹೋಗುತ್ತಿದೆ. ಒಂದು ಕಡೆ ತಡೆ, ಇನ್ನೊಂದು ಕಡೆ ಎಳೆತ. ನಡುವೆ ಸಾಗರದ ತಳದ ಬಂಡೆ ನಿಧಾನವಾಗಿ ಹರಿಯುತ್ತಿದೆ. 2012ರಲ್ಲಿ ಅಲ್ಲಿ ಬಂಡೆಗಳು ಪಕ್ಕಪಕ್ಕಕ್ಕೆ ಜಾರಿದವು.

2004ರ ಡಿಸೆಂಬರ್ 26ರಂದು ಹಾಗಲ್ಲ. ಆಗ ಒಂದು ಫಲಕ ಇನ್ನೊಂದರ ಕೆಳಗೆ ನುಗ್ಗುವ ಅಂಚಿನಲ್ಲಿ ಸಾಗರತಳವೇ ಮೇಲೆದ್ದು ನೀರನ್ನು ಎತ್ತಿತು. ಅದಕ್ಕೇ ಭಾರೀ ಸುನಾಮಿ ಬಂತು, 2012ರಲ್ಲಿ ಬರಲಿಲ್ಲ.

ಅಷ್ಟು ದೂರದ್ದು ನಮಗೆ ತಿಳಿದಿದ್ದು ಹೇಗೆ?

ಭೂಕಂಪದ ಚುರುಕಾದ ಅಲೆಗಳು ದಾರಿಯಲ್ಲೇ ಸೊರಗುತ್ತವೆ. ನಿಧಾನದ ದೊಡ್ಡ ಅಲೆಗಳು ಬಹುದೂರ ಬರುತ್ತವೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ಮೆಲ್ಲಗೆ ತಳ್ಳಿದರೂ ಜೋರಾಗಿ ತೂಗುತ್ತದಲ್ಲವೇ? ಎತ್ತರದ ಕಟ್ಟಡದ ಲಯವೂ ನಿಧಾನದ್ದೇ. ಹಾಗಾಗಿ ಮೇಲಿನ ಮಹಡಿಯವರಿಗೆ ತಲೆ ತಿರುಗಿದಂತಾದಾಗ ಕೆಳಗೆ ಅಂಗಡಿಯಲ್ಲಿದ್ದವರಿಗೆ ಏನೂ ತಿಳಿಯದಿರಬಹುದು.

ಹಾಗಾದರೆ ನಮಗೆ ಅಪಾಯವೇ ಇಲ್ಲವೇ?

ಬೆಂಗಳೂರು ಫಲಕದ ಅಂಚಿನಲ್ಲಿಲ್ಲ, ಹಳೆಯ ಗಟ್ಟಿ ಬಂಡೆಯ ಮೇಲಿದೆ. 2002ರ ಭೂಕಂಪ ನಕ್ಷೆಯಲ್ಲಿ ಅದನ್ನು ಅತಿ ಕಡಿಮೆ ಅಪಾಯದ 2ನೇ ವಲಯದಲ್ಲಿ ಇಡಲಾಗಿತ್ತು. ಆದರೆ ಕಡಿಮೆ ಎಂದರೆ ಸೊನ್ನೆ ಅಲ್ಲ. ನಮ್ಮ ಬೀದರ್, ಕಲಬುರಗಿಗೆ ಹತ್ತಿರದ ಲಾತೂರು ಜಿಲ್ಲೆಯ ಕಿಲ್ಲಾರಿಯೂ ಸುರಕ್ಷಿತ ಎಂದೇ ಎಣಿಸಿದ್ದ ಜಾಗ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ 6.2 ತೀವ್ರತೆಯ ಕಂಪನಕ್ಕೆ ಅಲ್ಲಿನ ಕಲ್ಲು-ಮಣ್ಣಿನ ಮನೆಗಳು ಮಲಗಿದ್ದವರ ಮೇಲೆ ಕುಸಿದವು. ಸತ್ತವರು ಹತ್ತಿರ ಹತ್ತಿರ 10,000 ಮಂದಿ.

ಇಲ್ಲಿ ಕೇಳಬೇಕಾದ ಪ್ರಶ್ನೆ ‘ಇಂದು ರಾತ್ರಿ ಬರುತ್ತದೆಯೇ’ ಎಂಬುದಲ್ಲ, ‘ನಮ್ಮ ಕಟ್ಟಡ ಹೇಗಿದೆ’ ಎಂಬುದು. ಅನುಮತಿ ಮೀರಿದ ಮಹಡಿ, ಕಂಬಗಳ ಮೇಲಷ್ಟೇ ನಿಂತ ಪಾರ್ಕಿಂಗ್, ಕೆರೆ ಅಂಗಳದ ಮೆತ್ತನೆ ಮಣ್ಣು: ಇವು ಅಪಾಯ ಹೆಚ್ಚಿಸುತ್ತವೆ.

ಏನು ಮಾಡಬೇಕು?

• ದಿನ, ಗಂಟೆ ಹೇಳುವ ಸಂದೇಶವನ್ನು ಹಂಚಬೇಡಿ. ಭೂಕಂಪದ ದಿನವನ್ನು ಮುಂಚಿತವಾಗಿ ಹೇಳುವ ವಿಧಾನ ಇಂದಿಗೂ ಯಾವ ವಿಜ್ಞಾನಿಯ ಬಳಿಯೂ ಇಲ್ಲ.
• ದೊಡ್ಡ ಸದ್ದೆಲ್ಲ ಭೂಕಂಪವಲ್ಲ. 2020ರ ಮೇ 20ರಂದು ಬೆಂಗಳೂರನ್ನು ಬೆಚ್ಚಿಬೀಳಿಸಿದ ಸದ್ದು ವಾಯುಪಡೆಯ ಪರೀಕ್ಷಾ ವಿಮಾನದ್ದು.
• ಅನುಮಾನ ಬಂದರೆ ರಾಷ್ಟ್ರೀಯ ಭೂಕಂಪಶಾಸ್ತ್ರ ಕೇಂದ್ರ ಅಥವಾ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಹಿತಿ ನೋಡಿ.
• ಅಲುಗಾಡಿದರೆ ಲಿಫ್ಟ್ ಹತ್ತಬೇಡಿ, ಮೆಟ್ಟಿಲಿಗೆ ನುಗ್ಗಬೇಡಿ. ಗಟ್ಟಿ ಮೇಜಿನ ಕೆಳಗೆ ಕುಳಿತು ತಲೆ ಮುಚ್ಚಿಕೊಳ್ಳಿ. ನಿಂತ ಮೇಲೆ ಮೆಟ್ಟಿಲಿನಿಂದ ನಿಧಾನವಾಗಿ ಇಳಿಯಿರಿ.

ಫಾರ್ವರ್ಡ್ ಮಾಡಲೇಬೇಕೆಂದರೆ ಈ ಕೊನೆಯ ಸಾಲನ್ನು ಮಾಡಿ. ಅದರಿಂದ ಒಂದು ಜೀವವಾದರೂ ಉಳಿಯಬಹುದು.